ಅಂಬರೀಶನ ಮೂರನೆಯ ಅಧ್ಯಾಯ

ಚಿಂತಾಮಣಿಯ ಆ ಮನೆಗೆ ಅಂಬರೀಶ ಮೊದಲ ಸಲ ಹೋದದ್ದು ಡಿಸೆಂಬರಿನ ಒಂದು ಭಾನುವಾರ. ಹತ್ತು ಗಂಟೆಗೆ ಬಾ ಎಂದಿದ್ದರು. ತಡವಾದರೆ ಎಂಬ ಭಯಕ್ಕೆ ಏಳಕ್ಕೂ ಮೊದಲೇ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಹತ್ತಿದ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮೂಟೆಗಳನ್ನು ಇಳಿಸುವವರೆಗೆ ಬಸ್ಸು ನಿಂತಿತು. ಆದರೂ ಒಂಬತ್ತೂಕಾಲಿಗೆಲ್ಲ ಗೇಟಿನ ಮುಂದಿದ್ದ. ಈಗ ಬೇಗ ಬಂದದ್ದೇ ತಪ್ಪಾಯಿತೇನೋ ಎಂಬ ಭಯ ಹಿಡಿಯಿತು. ರಸ್ತೆಯಾಚೆ ಹಾಲಿನ ಬೂತಿನ ಪಕ್ಕಕ್ಕೆ ಹೋಗಿ ನಿಂತುಕೊಂಡ. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅದರೊಳಗೆ ಅಂಕಪಟ್ಟಿಗಳು, ಜಾತಿ ಪ್ರಮಾಣಪತ್ರ, ಒಂದು ಬಿಳಿ ಹಾಳೆ. ಅಕ್ಕನ ಮದುವೆಗೆಂದು ಹೊಲಿಸಿದ್ದ ಪ್ಯಾಂಟು ಸೊಂಟದಲ್ಲಿ ಬಿಗಿಯಾಗಿತ್ತು.

ಮನೆಯ ಜಗಲಿಯ ಮೇಲೆ ಚಾಪೆ ಹಾಸಿಕೊಂಡು, ಹಳೆಯ ಸ್ವೆಟರು ತೊಟ್ಟ ಹೆಂಗಸೊಬ್ಬರು ಅವರೆಕಾಯಿ ಸುಲಿಯುತ್ತಿದ್ದರು. ಕಾಲೇಜಿನ ಗೋಡೆಯ ಫೋಟೋದಲ್ಲಿ ನೋಡಿದ್ದರಿಂದ ಅವರೇ ಡಾ. ರಾಮಲಕ್ಷ್ಮಮ್ಮ ಎಂದು ಗುರುತು ಸಿಕ್ಕಿತು. ಇಂಗ್ಲಿಷ್ ಪ್ರಾಧ್ಯಾಪಕಿ. ಅವನಿಗೆ ಪಿಎಚ್.ಡಿ. ಮಾರ್ಗದರ್ಶಕರಾಗಲು ಒಪ್ಪಬಹುದೆಂದು ಯಾರೋ ಹೇಳಿದ ಒಂದೇ ಹೆಸರು. ಗುರುತು ಸಿಕ್ಕ ಮೇಲೆ ಅವನು ಬೂತಿನ ಹಿಂದಕ್ಕೆ ಇನ್ನೂ ಸ್ವಲ್ಪ ಸರಿದ.

ಕೊನೆಗೆ ಅವರೇ ಕೂಗಿದರು. “ಹಾಲು ಮುಗಿದು ಒಂದು ಗಂಟೆ ಆಯ್ತು ಕಣಪ್ಪ. ನೀನೇನಾ ಅಂಬರೀಶ?”

ಒಳಗೆ ಕರೆದು ಕೂರಿಸಲಿಲ್ಲ. ಅರ್ಧ ಅವರೆಕಾಯಿಯನ್ನು ಅವನ ಕಡೆ ತಳ್ಳಿ, ಸುಲಿಯುತ್ತ ಮಾತಾಡು ಎಂದರು. ಅದೊಂದು ಉಪಕಾರವಾಯಿತು. ಕೈಗೆ ಕೆಲಸ ಸಿಕ್ಕಿತು. ಬಿಳಿ ಹಾಳೆಯಲ್ಲಿ ಅವನು ಸಂಶೋಧನೆಗೆ ಮೂರು ವಿಷಯ ಬರೆದಿದ್ದ. ಮೊದಲೆರಡು ಎಲ್ಲರೂ ಮಾಡುವಂಥವು, ದಪ್ಪ ಅಕ್ಷರದಲ್ಲಿ. ಮೂರನೆಯದು ತಳದಲ್ಲಿ, ಇರುವೆ ಸಾಲಿನಂತೆ: ಇಂದಿನ ಪ್ಯಾಲೆಸ್ತೀನಿ ಲೇಖಕರು ಇಂಗ್ಲಿಷಿನಲ್ಲೇ ಬರೆದ ಸಾಹಿತ್ಯ. ಮೇಡಂ ಓದಿದ್ದು ತಳದಿಂದ. ಇದನ್ನು ಯಾಕೆ ಇಷ್ಟು ಸಣ್ಣಗೆ ಬರೆದಿದ್ದೀಯ ಎಂದು ಕೇಳಿದರು. ಜಾಗ ಸಾಲಲಿಲ್ಲ ಎಂದ. ಅವರು ಹಾಳೆಯನ್ನು ಅವನ ಕಡೆ ತಿರುಗಿಸಿ, ಕೆಳಗೆ ನಾಲ್ಕು ಬೆರಳು ಖಾಲಿ ಇದ್ದುದನ್ನು ತೋರಿಸಿದರು.

ಅವನು ನಿಜ ಹೇಳಿದ. ಎಂ.ಎ. ತರಗತಿಯಲ್ಲಿ ಜೆರಾಕ್ಸ್ ಹಾಳೆಯೊಂದರಲ್ಲಿ ಸಿಕ್ಕ ಕವಿತೆ ಅದಕ್ಕೆ ಕಾರಣ. ಅದರಲ್ಲಿ ಒಬ್ಬಳು ಅರ್ಜಿ ತುಂಬುತ್ತಿರುತ್ತಾಳೆ. ಅಪ್ಪ ಹುಟ್ಟಿದ ದೇಶ ಯಾವುದು ಎಂಬಲ್ಲಿ ಕೊಟ್ಟ ಪಟ್ಟಿಯಲ್ಲಿ ಅವಳ ಅಪ್ಪನ ದೇಶವೇ ಇರುವುದಿಲ್ಲ. ಇಡೀ ಕವಿತೆ ಅಷ್ಟೇ. ಕಚೇರಿಗಳ ಕಿಟಕಿಯ ಮುಂದೆ ಅರ್ಜಿ ಹಿಡಿದು ನಿಂತು ಬೆಳೆದ ಅಂಬರೀಶನಿಗೆ ಅದು ನಿಘಂಟಿಲ್ಲದೆ ಅರ್ಥವಾದ ಮೊದಲ ಇಂಗ್ಲಿಷ್ ಕವಿತೆ.

“ಅವರು ಅರಬ್ಬೀ ಬಿಟ್ಟು ಇಂಗ್ಲಿಷ್‌ನಲ್ಲಿ ಯಾಕೆ ಬರೀತಾರೆ?” ಮೇಡಂ ಕೇಳಿದರು.

“ನಾನು ಮನೇಲಿ ಅರ್ಧ ತೆಲುಗು ಮಾತಾಡ್ತೀನಿ ಮೇಡಂ. ಕನ್ನಡದಲ್ಲಿ ಓದಿದೆ. ಈಗ ಇಂಗ್ಲಿಷ್ ಪಾಠ ಮಾಡ್ತೀನಿ. ಯಾಕೆ ಅಂದ್ರೆ ನಂಗೂ ಹೇಳಕ್ಕೆ ಬರಲ್ಲ.”

ಅವರು ಹಾಳೆಯ ಮೇಲಿನ ಎರಡು ವಿಷಯಗಳಿಗೆ ಅಡ್ಡಗೆರೆ ಎಳೆದರು.

ಅಂಬರೀಶನ ಊರು ಕಳವಾರದ ಹತ್ತಿರ, ಸ್ಕಂದಗಿರಿಯ ಬುಡದಲ್ಲಿ. ತಂದೆ ಬಯ್ಯಪ್ಪ ಕಂದಾಯ ಇಲಾಖೆಯಲ್ಲಿ ಗ್ರಾಮ ಸಹಾಯಕ. ನೋಟೀಸು ಅಂಟಿಸುವುದು, ಸರ್ವೆಯವರ ಜೊತೆ ಸರಪಳಿ ಹಿಡಿದು ನಡೆಯುವುದು, ಕರೆದಾಗ ಕರೆದ ಕಡೆ ಹೋಗುವುದು. ಮನೆಯಲ್ಲಿ ಬುದ್ಧನ ಮತ್ತು ಅಂಬೇಡ್ಕರರ ಚಿತ್ರ, ಅದರ ಕೆಳಗೆ ಅಂಬರೀಶನ ಪದವಿಯ ಫೋಟೋ. ಆ ಮನೆಯಲ್ಲಿ ಹತ್ತನೆಯ ತರಗತಿ ದಾಟಿದ ಮೊದಲನೆಯವನು ಅವನೇ. ತಂದೆಯ ತಾಯಿ ಆಂಜಿನಮ್ಮನಿಗೆ ಎಂಬತ್ತು ದಾಟಿತ್ತು. ಎಲ್ಲರೂ ಅವ್ವ ಎಂದೇ ಕರೆಯುವುದು.

ವಿಷಯ ಗೊತ್ತಾದ ದಿನ ಬಯ್ಯಪ್ಪ ಊಟ ಅರ್ಧಕ್ಕೆ ನಿಲ್ಲಿಸಿದ. ಬೇರೆ ದೇಶದ ಜಗಳ ನಮಗ್ಯಾಕೆ, ನಾಳೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದಾಗ ಯಾರಾದರೂ ಕೇಳಿದರೆ ಏನು ಹೇಳುತ್ತೀಯ ಎಂದ. ಗೌರಿಬಿದನೂರಿನ ಕಾಲೇಜಿನಲ್ಲಿ ಅವನಂತೆಯೇ ಅತಿಥಿ ಉಪನ್ಯಾಸಕನಾಗಿದ್ದ ಜಗನ್, ವಾಣಿಜ್ಯ ಶಾಸ್ತ್ರದವನು, ಇನ್ನೊಂದು ಥರ ಹೇಳಿದ. ಊರಿನ ಟೊಮೆಟೊ ಮೇಲೆ ಪಿಎಚ್.ಡಿ. ಮಾಡಿದ್ದರೆ ಸಾರಿಗಾದರೂ ಆಗುತ್ತಿತ್ತು ಎಂದು ಸ್ಟಾಫ್ ರೂಮನ್ನೆಲ್ಲ ನಗಿಸಿದ. ಅಂಬರೀಶನೂ ನಕ್ಕ. ಆದರೆ ಆವತ್ತಿನಿಂದ ಬಸ್ಸಿನಲ್ಲಿ ಓದುವಾಗ ಪುಸ್ತಕಕ್ಕೆ ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿಕೊಳ್ಳತೊಡಗಿದ.

ಅವನು ಓದುವುದು ನಿಧಾನ. ಮಂಚೇನಹಳ್ಳಿ ದಾಟುವಷ್ಟರಲ್ಲಿ ನಾಲ್ಕು ಪುಟ. ಗೊತ್ತಿಲ್ಲದ ಪದಕ್ಕೆ ಪೆನ್ಸಿಲಿನಲ್ಲಿ ಅಂಚಿನಲ್ಲಿ ಕನ್ನಡದ ಅರ್ಥ, ಕನ್ನಡ ಹೊಳೆಯದಿದ್ದರೆ ತೆಲುಗಿನದು. ಹೀಗೆ ಐದು ವರ್ಷದಲ್ಲಿ ಹನ್ನೊಂದು ಕಾದಂಬರಿ, ಇಪ್ಪತ್ತು ಕವನ ಸಂಕಲನ ಮುಗಿಸಿದ. ಯುದ್ಧ ಶುರುವಾದ ಮೇಲೆ ಓದಿನ ಜೊತೆ ಇನ್ನೊಂದು ಹೆದರಿಕೆ ಸೇರಿಕೊಂಡಿತು. ಗಾಜಾದ ಒಬ್ಬ ಯುವಕವಿ ದಿನಾ ಮೊಬೈಲಿನಲ್ಲಿ ಇಂಗ್ಲಿಷಿನ ನಾಲ್ಕು ಸಾಲು ಹಾಕುತ್ತಿದ್ದ. ಒಮ್ಮೆ ಹನ್ನೊಂದು ದಿನ ಏನೂ ಬರಲಿಲ್ಲ. ಆ ಹನ್ನೊಂದು ದಿನವೂ ಅಂಬರೀಶ ತರಗತಿಗೆ ಹೋಗುವ ಮೊದಲು, ಬಂದ ಮೇಲೆ, ಮೊಬೈಲು ತೆಗೆದು ನೋಡುತ್ತಿದ್ದ. ಹನ್ನೆರಡನೆಯ ದಿನ, ಹಿಟ್ಟು ಸಿಕ್ಕಿತು ಎಂದಷ್ಟೇ ಬಂತು. ಇದನ್ನು ಯಾರಿಗೆ ಹೇಳುವುದು? ಮೇಡಂಗೆ ಫೋನು ಮಾಡಿ ಹೇಳಿದ. ಅವರು ಕೇಳಿಸಿಕೊಂಡು, ಅಧ್ಯಾಯ ಎಲ್ಲಿಗೆ ಬಂತು ಎಂದು ಕೇಳಿದರು.

ಅಧ್ಯಾಯಗಳು ಬರುತ್ತಿದ್ದವು. ಮೂರನೆಯದು ಮಾತ್ರ ತಾನಾಗಿ ಹರಿದು ಬಂದಿತ್ತು. ಅದರ ಕೇಂದ್ರದಲ್ಲಿದ್ದದ್ದು ಅಮೆರಿಕದಲ್ಲಿ ಹುಟ್ಟಿದ ಪ್ಯಾಲೆಸ್ತೀನಿ ಹೆಣ್ಣುಮಗಳೊಬ್ಬಳು ಬರೆದ ಕಾದಂಬರಿ. ೧೯೪೮ರ ಯುದ್ಧದಲ್ಲಿ ಪ್ಯಾಲೆಸ್ತೀನಿನ ನಾನೂರಕ್ಕೂ ಹೆಚ್ಚು ಹಳ್ಳಿಗಳು ಖಾಲಿಯಾದವು. ಅಂಥ ಒಂದು ಹಳ್ಳಿಯ ಮುದುಕ ಆ ಕಾದಂಬರಿಯಲ್ಲಿದ್ದಾನೆ. ಬಂದೂಕು ತೋರಿಸಿ ಅವನನ್ನು ಊರು ಬಿಡಿಸಿರುತ್ತಾರೆ. ಎಷ್ಟೋ ವರ್ಷದ ಮೇಲೆ ಒಂದು ಕಚೇರಿಯಲ್ಲಿ, ಅವನಿಗೆ ಓದಲು ಬಾರದ ಭಾಷೆಯ ಕಾಗದಕ್ಕೆ ರುಜು ಹಾಕಿಸಿಕೊಳ್ಳುತ್ತಾರೆ. ಅವನು ಸತ್ತ ಮೇಲೆ ಮೊಮ್ಮಗಳು ಅದನ್ನು ಓದಿಸುತ್ತಾಳೆ. ನಾವು ನಮ್ಮ ಇಷ್ಟದಿಂದ ಊರು ಬಿಟ್ಟೆವು ಎಂದು ಅದರಲ್ಲಿ ಬರೆದಿರುತ್ತದೆ.

ಇದನ್ನು ಓದಿದಾಗ ಅಂಬರೀಶನಿಗೆ ಮರಸನಪಲ್ಲಿ ನೆನಪಾಯಿತು. ಅವರ ಊರಿಗೆ ಎರಡು ಮೈಲಿ ದೂರದ ಜಾಗ. ಕಂದಾಯದ ಲೆಕ್ಕದಲ್ಲಿ ಅದು ಬೇಚಿರಾಕ್ ಗ್ರಾಮ. ಹಾಗೆಂದರೆ ನಕ್ಷೆ ಇದೆ, ಸರ್ವೆ ನಂಬರುಗಳಿವೆ, ಪಹಣಿ ಬರುತ್ತದೆ, ಮನೆಗಳು ಮಾತ್ರ ಇಲ್ಲ. ಚಿಕ್ಕವನಿದ್ದಾಗ ಅಪ್ಪನ ಜೊತೆ ಹೋಗಿ ಅಲ್ಲಿನ ಗೋಡೆಯ ಬುನಾದಿಗಳನ್ನೂ ಮಣ್ಣಲ್ಲಿ ಅರ್ಧ ಹೂತ ಒರಳುಕಲ್ಲನ್ನೂ ನೋಡಿದ್ದ. ಅವ್ವ ಹುಟ್ಟಿದ್ದು ಅಲ್ಲೇ. ಆರೇಳು ವರ್ಷದವಳಾಗಿದ್ದಾಗ ಊರು ಖಾಲಿಯಾಯಿತು. ಹೆಚ್ಚು ಕಡಿಮೆ ಅದೇ ೧೯೪೮ರ ಹೊತ್ತಿಗೆ. ನಮ್ಮವರನ್ನು ಯಾರು ಎಲ್ಲಿ ನೆಟ್ಟಗೆ ಇರಲು ಬಿಟ್ಟಿದ್ದಾರೆ ಎಂದು ಅಪ್ಪ ಆಗಾಗ ಹೇಳುವ ಮಾತು ಕಿವಿಯಲ್ಲಿತ್ತು. ಅವನು ಎರಡನ್ನೂ ಪಕ್ಕಪಕ್ಕ ಇಟ್ಟು ಬರೆದ. ಅವ್ವನ ಹೇಳಿಕೆಯೆಂದು ಒಂದು ಪುಟ ಇಂಗ್ಲಿಷಿನಲ್ಲಿ ಬರೆದ: ಮೇಲಿನ ಜಾತಿಯವರು ಬಂದು ನಮ್ಮ ಕೇರಿಯನ್ನು ಬಿಡಿಸಿದರು, ಪಾತ್ರೆಗಳನ್ನು ಬಿಟ್ಟು ಓಡಿ ಬಂದೆವು.

ಅವ್ವನನ್ನು ಅವನು ಕೇಳಿರಲಿಲ್ಲ. ಹಾಗೆಂದು ಸುಳ್ಳು ಬರೆಯುತ್ತಿದ್ದೇನೆಂದು ಅವನಿಗೆ ಅನ್ನಿಸಲೂ ಇಲ್ಲ. ಅಪ್ಪನ ಜೊತೆ ತಿರುಗಿದವನು ಮಹಜರು ನಡೆಯುವುದನ್ನು ನೋಡಿಯೇ ಬೆಳೆದಿದ್ದ. ಸ್ಥಳಕ್ಕೆ ಹೋಗಿ, ಊರಿನ ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ಬರೆದು ರುಜು ಪಡೆಯಬೇಕೆಂಬುದು ನಿಯಮ. ಎಷ್ಟೋ ಸಲ ಕಾಗದ ಮೊದಲೇ ತಯಾರಾಗಿರುತ್ತಿತ್ತು. ಅರಳಿಕಟ್ಟೆಯ ಮೇಲೆ ಕೂತವರು ಹೆಬ್ಬೆಟ್ಟು ಒತ್ತಿ, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಮಾತಾಡಿಸಿ ಬರೆದುಕೊಂಡದ್ದಕ್ಕೆ ಒಪ್ಪಿಗೆ ಪತ್ರ ಬೇಕೆಂದು ವಿಶ್ವವಿದ್ಯಾಲಯ ಕೇಳಿದಾಗ ಅಂಬರೀಶ ಹಾಗೆಯೇ ಮಾಡಿದ. ಇಂಕ್ ಪ್ಯಾಡು ತಂದು ಅವ್ವನ ಬೆರಳು ಹಿಡಿದು ಒತ್ತಿಸಿದ. ಅವ್ವ ಏನೆಂದು ಕೇಳಲಿಲ್ಲ.

ಅಧ್ಯಾಯ ಓದಿ ಮೇಡಂ ಮೊದಲ ಸಲ ಹೊಗಳಿದರು. ಪ್ರಬಂಧದ ಜೀವ ಇರುವುದು ಇಲ್ಲೇ ಎಂದರು. ಒಂದು ವಿಚಾರ ಸಂಕಿರಣದಲ್ಲಿ ಅವನು ಅದನ್ನು ಓದಿದ, ಅಚ್ಚೂ ಆಯಿತು. ಇನ್ನು ಉಳಿದದ್ದು ಮಾರ್ಚ್ ಹದಿನೆಂಟರ ಸಭೆ. ಪ್ರಬಂಧ ಸಲ್ಲಿಸಲು ಬಿಡಬೇಕೋ ಬೇಡವೋ ಎಂದು ಹೊರಗಿನ ಇಬ್ಬರು ತಜ್ಞರ ಮುಂದೆ ತೀರ್ಮಾನವಾಗುವ ದಿನ. ಅವನ ಆರು ವರ್ಷದ ಗಡುವು ಏಪ್ರಿಲಿಗೆ ಮುಗಿಯುತ್ತಿತ್ತು. ಮಾರ್ಚ್ ಮೂರಕ್ಕೆ ಮೇಡಂ ಫೋನು ಮಾಡಿ, ತಜ್ಞರಲ್ಲೊಬ್ಬರು ಅಜ್ಜಿಯ ಮಾತಿನ ಧ್ವನಿಮುದ್ರಣ ಕೇಳಿದ್ದಾರೆ, ಮೂಲ ಭಾಷೆಯಲ್ಲೇ ಇರಲಿ, ಕಳಿಸು ಎಂದರು. ಕಳಿಸುತ್ತೇನೆ ಮೇಡಂ ಎಂದ. ಧ್ವನಿಮುದ್ರಣ ಇರಲೇ ಇಲ್ಲ. ಆದರೂ ಧೈರ್ಯ ತಂದುಕೊಂಡ. ಅವ್ವ ಇದ್ದಾಳಲ್ಲ, ಕೇಳಿದರೆ ಹೇಳುತ್ತಾಳೆ.

ಭಾನುವಾರ ಮಧ್ಯಾಹ್ನ ಅವ್ವ ಹಿತ್ತಿಲಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಅಂಬರೀಶ ಮೊಬೈಲಿನಲ್ಲಿ ಧ್ವನಿಮುದ್ರಣ ಶುರುಮಾಡಿ ಮೊರದ ಪಕ್ಕ ಇಟ್ಟು, ಮರಸನಪಲ್ಲಿಯನ್ನು ಯಾರು ಬಿಡಿಸಿದರು ಹೇಳು ಎಂದ.

“ಯಾರು ಬಿಡಿಸ್ತಾರೆ?” ಎಂದಳು ಅವ್ವ. “ಇಲಿ ಬಿಡಿಸ್ತು.”

ಪ್ಲೇಗು ಬಂದಿತ್ತು. ಸೂರಿನಿಂದ ಇಲಿಗಳು ಬಿದ್ದವು. ಜನ ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಎರಡು ವರ್ಷ ಹಾಗೆ ಹೋಗಿ ಬಂದು ಮಾಡಿ, ಆಮೇಲೆ ಕೆರೆಯ ಹತ್ತಿರ ಇರೋಣವೆಂದು ಈ ಊರಿಗೆ ಬಂದರು. ಪಾತ್ರೆಗಳನ್ನು ಬಿಡಲಿಲ್ಲ, ಅವ್ವನ ತಲೆಯ ಮೇಲೂ ಒಂದು ತಪ್ಪಲೆ ಇತ್ತು. ಗೌಡರು ಓಡಿಸಲಿಲ್ಲವೇ ಎಂದು ಅಂಬರೀಶ ಕೇಳಿದ.

“ಗೌಡನೇ ನಮಗಿಂತ ಮುಂಚೆ ಗಾಡಿ ಕಟ್ಕೊಂಡು ಹೋದ. ಅವನ ಮನೇಲೇ ಮೊದಲು ಹೆಣ ಬಿದ್ದಿದ್ದು.”

ಅವನು ಬೇರೆ ಬೇರೆ ರೀತಿಯಲ್ಲಿ ನಾಲ್ಕು ಸಲ ಕೇಳಿದ. ನಾಲ್ಕನೆಯ ಸಲಕ್ಕೆ ಅವ್ವ ಕುಟ್ಟುವುದನ್ನು ನಿಲ್ಲಿಸಿದಳು. “ಏಂ ನಾಯನಾ, ಇಲ್ಲದ್ದನ್ನ ಹೇಳು ಅಂತೀಯಾ? ಬರ್ಕೊಳ್ಳೋದಾದ್ರೆ ಇದನ್ನ ಬರ್ಕೋ. ಅಲ್ಲಿ ನಮಗೇ ಅಂತ ಒಂದು ಬಾವಿ ಇತ್ತು. ಇಲ್ಲಿಗೆ ಬಂದ್ಮೇಲೆ ಹತ್ತು ವರ್ಷ, ಯಾರಾದ್ರೂ ಸೇದಿ ಹುಯ್ಯೋವರೆಗೂ ಬಿಂದಿಗೆ ಇಟ್ಕೊಂಡು ಬಿಸಿಲಲ್ಲಿ ನಿಂತಿದೀವಿ. ಅದನ್ನ ಯಾಕೆ ಕೇಳಲ್ಲ ನೀನು?”

ಅವನು ಮೊಬೈಲು ತೆಗೆದುಕೊಳ್ಳುವಾಗ ಅವ್ವ ಇನ್ನೊಂದು ಕೇಳಿದಳು. ಅವತ್ತು ಹೆಬ್ಬೆಟ್ಟು ಒತ್ತಿಸಿಕೊಂಡೆಯಲ್ಲ, ಅದರಲ್ಲೇನಿತ್ತು? ಊರಿನ ವಿಷಯ ಎಂದ.

“ನಾನು ಪಿಂಚಣಿದು ಅನ್ಕೊಂಡಿದ್ದೆ,” ಎಂದಳು.

ಮರುದಿನ ಗೌರಿಬಿದನೂರಿನ ಸ್ಟಾಫ್ ರೂಮಿನಲ್ಲಿ ಅಂಬರೀಶ ಡಬ್ಬಿ ಬಿಚ್ಚದೆ ಕೂತಿದ್ದ. ಜಗನ್ ಒತ್ತಾಯ ಮಾಡಿ ಕೇಳಿದ. ಎಲ್ಲ ಹೇಳಿದ ಮೇಲೆ ಜಗನ್‌ಗೆ ಅದು ತೊಂದರೆಯೆಂದೇ ಅನ್ನಿಸಲಿಲ್ಲ.

“ಗುರೂ, ಎರಡು ವಾಕ್ಯ ಹೇಳ್ಕೊಟ್ಟು ಹೇಳಿಸ್ಬಿಡು. ಹೆಬ್ಬೆಟ್ಟು ಹೆಂಗೂ ಇದೆ. ಪ್ಯಾಲೆಸ್ತೀನಿಂದ ಯಾರಾದ್ರೂ ಬಂದು ಮರಸನಪಲ್ಲೀಲಿ ವಿಚಾರಿಸ್ತಾರಾ? ಆರು ವರ್ಷ ಕಣೋ. ನಿಮ್ಮಪ್ಪನ್ನ ನೆನೆಸ್ಕೋ.”

ಅಪ್ಪನನ್ನು ನೆನೆಸಿಕೊಂಡೇ ಅವನು ಡಬ್ಬಿ ಬಿಚ್ಚಿರಲಿಲ್ಲ. ವಿಷಯಕ್ಕೆ ಹೆದರಿದ್ದ ಬಯ್ಯಪ್ಪ ಈಗ ಕಚೇರಿಯಲ್ಲಿ ಎಲ್ಲರಿಗೂ ಮಗ ಡಾಕ್ಟರಾಗುತ್ತಾನೆಂದು ಹೇಳಿಯಾಗಿತ್ತು. ಗುರುವಾರ ಅಂಬರೀಶ ಒಂದು ಚೀಟಿಯಲ್ಲಿ ಅವ್ವ ಆಡುವ ತೆಲುಗಿನಲ್ಲೇ ಎರಡು ವಾಕ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಅವಳ ಮುಂದೆ ಕೂತ. ನಾನು ಹೇಳಿದ ಹಾಗೆ ಹೇಳವ್ವ ಎಂದ. ಅವ್ವ ಯಾಕೆಂದು ಕೇಳಲಿಲ್ಲ. ನಿನ್ನ ಕೆಲಸ ಆಗುತ್ತೆ ಅಂದರೆ ಹೇಳುತ್ತೇನೆ ಎಂದು ಸೆರಗು ಸರಿಮಾಡಿಕೊಂಡು ಮೊಬೈಲಿನ ಕಡೆ ತಿರುಗಿದಳು. ಮೇಲಿನವರು ಬಂದು ನಮ್ಮನ್ನು ಬಿಡಿಸಿದರು ಎಂದಳು. ಫೋಟೋ ತೆಗೆಸಿಕೊಳ್ಳುವವಳಂತೆ ನೆಟ್ಟಗೆ ಕೂತು, ಎರಡನೆಯ ವಾಕ್ಯಕ್ಕಾಗಿ ಮೊಮ್ಮಗನ ಮುಖ ನೋಡಿದಳು.

ಅವನಿಗೆ ಎರಡನೆಯದನ್ನು ಹೇಳಿಕೊಡಲಾಗಲಿಲ್ಲ. ಸಾಕವ್ವ ಎಂದು ಅವತ್ತಿನ ಮುದ್ರಣ ಅಳಿಸಿ ಎದ್ದ.

ಶುಕ್ರವಾರ ಬಸ್ಸಿನಲ್ಲಿ ಸುಮ್ಮನೆ ಆ ಕಾದಂಬರಿ ತೆರೆದ. ಮುದುಕ ಕಾಗದಕ್ಕೆ ರುಜು ಹಾಕುವ ಪುಟ. ಅಂಚಿನಲ್ಲಿ ಅವನದೇ ಪೆನ್ಸಿಲ್ ಅಕ್ಷರಗಳು, ಒಂದು ಪದಕ್ಕೆ ‘ಮಹಜರು’ ಎಂಬ ಅರ್ಥ. ಐದು ವರ್ಷದ ಹಿಂದೆ ಬರೆದದ್ದು. ಆಗ ತಾನು ಮುದುಕನ ಪಕ್ಕದಲ್ಲಿ ನಿಂತು ಓದುತ್ತಿದ್ದೇನೆಂದು ಅವನಿಗೆ ಅನ್ನಿಸಿತ್ತು. ಈಗ ಆ ಕಚೇರಿಯ ಮೇಜಿನ ಈಚೆಗೆ, ಕಾಗದ ಮುಂದೆ ಚಾಚಿದವನು ಕೂತಿದ್ದನಲ್ಲ, ಅವನ ಕೈ ಕಾಣಿಸಿತು. ಅಲ್ಲಿ ಓಡಿಸಿ, ತಾವೇ ಹೋದರೆಂದು ಬರೆದಿದ್ದರು. ಇಲ್ಲಿ ತಾವೇ ಬಂದವರನ್ನು ಓಡಿಸಿದರೆಂದು ಅವನು ಬರೆದಿದ್ದ. ಬರೆದದ್ದು ನಮ್ಮವರ ಪರವಾಗಿ ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದ. ಆಗಲಿಲ್ಲ. ಇದು ಹೊರಗೆ ಬಿದ್ದರೆ, ಒಂದು ಹೇಳಿಕೆ ಸುಳ್ಳಾದರೆ ಎಲ್ಲವೂ ಸುಳ್ಳೇ ಎನ್ನುವವರು ಬೇಕಾದಷ್ಟು ಜನ ಇದ್ದರು. ನಿಜವಾಗಿ ಓಡಿಸಲ್ಪಟ್ಟವರ ಮಾತಿಗೂ ಅವನಿಂದ ಕಲ್ಲು ಬೀಳುತ್ತಿತ್ತು. ಗೌರಿಬಿದನೂರು ಬಂದದ್ದು ಗೊತ್ತಾಗದೆ ಕೂತಿದ್ದವನನ್ನು ಕಂಡಕ್ಟರ್ ಎಬ್ಬಿಸಿದ.

ಭಾನುವಾರ ಅವನು ಚಿಂತಾಮಣಿಗೆ ಹೋದ. ಮೇಡಂ ಬಾಗಿಲು ತೆರೆದಾಗ ಕೂರದೆ, ನಿಂತೇ ಹೇಳಿದ. ಹೇಳುವ ಮಾತುಗಳನ್ನು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ. ಒಂದೂ ಕ್ರಮವಾಗಿ ಬರಲಿಲ್ಲ. ಮೇಡಂ ಧ್ವನಿಮುದ್ರಣ ಹಾಕು ಎಂದರು. ಹಿತ್ತಿಲಲ್ಲಿ ಹಿಡಿದದ್ದು, ಇಪ್ಪತ್ತಮೂರು ನಿಮಿಷ. ಪೂರ್ತಿ ಕೇಳಿದರು. ಬಾವಿಯ ಮಾತು ಬಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವನು ಕಾಲಿನ ಹೆಬ್ಬೆರಳಿನಿಂದ ನೆಲ ಒತ್ತುತ್ತ ನಿಂತಿದ್ದ.

“ಅಧ್ಯಾಯ ಬಂದಾಗಲೇ ನಾನು ಇದನ್ನ ಕೇಳ್ಬೇಕಿತ್ತು,” ಎಂದರು ಕೊನೆಗೆ. “ಅಧ್ಯಾಯ ಚೆನ್ನಾಗಿತ್ತು. ಅದಕ್ಕೇ ಕೇಳ್ಲಿಲ್ಲ.”

ಮೇಜಿನ ಮೇಲಿದ್ದ ಹಾಳೆ, ಪೆನ್ನನ್ನು ಅವನ ಕಡೆ ತಳ್ಳಿದರು.

“ಹದಿನೆಂಟನೇ ತಾರೀಕಿನ ಸಭೆ ಬೇಡ ಅಂತ ಪತ್ರ ಬರಿ. ಸಂಕಿರಣದವರಿಗೂ ಬರಿ, ಲೇಖನ ವಾಪಸ್ ತಗೋತೀನಿ ಅಂತ. ಕಾರಣ ಮುಚ್ಚಿಡಬೇಡ. ಎರಡಕ್ಕೂ ನಾನೂ ರುಜು ಹಾಕ್ತೀನಿ.”

“ನನ್ನನ್ನ ಬಿಟ್ಬಿಡ್ತೀರಾ ಮೇಡಂ?”

“ಬಿಟ್ಟು? ಇದನ್ನೆಲ್ಲ ಯಾರು ತಿದ್ದೋದು? ಕೂತ್ಕೋ ಮೊದ್ಲು.”

ಪತ್ರಗಳು ಹೋದವು. ಆಮೇಲಿನ ಆರು ವಾರ ಅಂಬರೀಶನಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ವಿಶ್ವವಿದ್ಯಾಲಯದ ಸಮಿತಿ ಅವನನ್ನು ಒಮ್ಮೆ ಕರೆದು ಮುಕ್ಕಾಲು ಗಂಟೆ ವಿಚಾರಿಸಿತು. ನೀನಾಗಿ ಹೇಳದಿದ್ದರೆ ಗೊತ್ತಾಗುತ್ತಲೇ ಇರಲಿಲ್ಲವಲ್ಲ ಎಂದು ಒಬ್ಬರು ಕೇಳಿದರು. ಅವರು ಹೊಗಳಿದರೋ ಬೈದರೋ ಅವನಿಗೆ ತಿಳಿಯಲಿಲ್ಲ. ಎಚ್ಚರಿಕೆ ಪತ್ರ ಕೊಟ್ಟು, ಗಡುವನ್ನು ಒಂದೇ ಒಂದು ವರ್ಷ ಮುಂದಕ್ಕೆ ಹಾಕಿದರು. ಸಂಕಿರಣದವರು ಲೇಖನ ತೆಗೆದುಹಾಕಿದರು. ಅದಕ್ಕೆ ಸಿಕ್ಕಿದ್ದ ಅಂಕ ಹೋದದ್ದರಿಂದ ಕಾಲೇಜಿನ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ಅವನ ಹೆಸರು ಕೆಳಗೆ ಸರಿದು ಪಾಠದ ಗಂಟೆಗಳು ಕಡಿಮೆಯಾದವು. ಬಯ್ಯಪ್ಪ ಮೂರು ದಿನ ಮಗನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಮಾತಾಡಿದಾಗಲೂ ಪ್ಲೇಗಿನ ವಿಷಯ ತನಗೆ ಗೊತ್ತಿತ್ತು, ಯಾರೂ ಕೇಳಲಿಲ್ಲ ಎಂದಷ್ಟೇ ಹೇಳಿ ಸೈಕಲ್ ಹತ್ತಿದ.

ಅವ್ವನ ಮುಂದೆ ಅಂಬರೀಶ ಆ ಇಂಗ್ಲಿಷ್ ಪುಟವನ್ನು ಸಾಲು ಸಾಲಾಗಿ ಅವಳ ಮಾತಿನಲ್ಲಿ ಓದಿ ಹೇಳಿದ. ಅವಳು ಕೊನೆಯವರೆಗೂ ಕೇಳಿ, ಇದು ನನ್ನದಲ್ಲ ಎಂದಳು. ಅವನು ಒಪ್ಪಿಗೆ ಪತ್ರದಲ್ಲಿದ್ದ ಹೆಬ್ಬೆಟ್ಟಿನ ಮೇಲೆ ಎರಡು ಗೆರೆ ಎಳೆದು, ತಾರೀಕು ಹಾಕಿ, ಕೆಳಗೆ ತನ್ನ ಹೆಸರು ಬರೆದ.

ಅಂಬರೀಶ ಈಗ ವಾರಕ್ಕೆ ನಾಲ್ಕು ದಿನ ಗೌರಿಬಿದನೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾನೆ. ಉಳಿದ ದಿನ ಚಿಕ್ಕಬಳ್ಳಾಪುರದ ಗ್ರಂಥಾಲಯದಲ್ಲಿ ಕೂತು ಮೂರನೆಯ ಅಧ್ಯಾಯವನ್ನು ಹೊಸದಾಗಿ ಬರೆಯುತ್ತಿದ್ದಾನೆ. ಅದರಲ್ಲಿ ಮರಸನಪಲ್ಲಿ ಇಲ್ಲ. ಪ್ರಬಂಧ ಸಲ್ಲಿಸಲು ಅವನಿಗೆ ಇನ್ನು ಏಳು ತಿಂಗಳಿದೆ.